1 ಲಕ್ಷ ಇಟ್ಟರೆ 20 ವರ್ಷಕ್ಕೆ 2.4 ಲಕ್ಷವೋ, 4 ಲಕ್ಷವೋ?

ನೀವು ಕೇಳಿದ್ದು: ಅಡಿಕೆ ಮಾರಿದ 1 ಲಕ್ಷ ರೂಪಾಯಿಯನ್ನು ಶೇ. 7ರ ಬಡ್ಡಿಗೆ 20 ವರ್ಷ ಇಟ್ಟರೆ ನಿಮ್ಮ ಲೆಕ್ಕಕ್ಕೆ 2,40,000 ಬರುತ್ತದೆ, ಬ್ಯಾಂಕಿನವರು 4 ಲಕ್ಷ ಅನ್ನುತ್ತಾರೆ. ಯಾರದು ಸರಿ?

ಇಬ್ಬರದೂ ಸರಿ. ನೀವು ಹಾಕಿದ್ದು ಸರಳ ಬಡ್ಡಿ, ಅವರು ಹಾಕಿದ್ದು ಚಕ್ರಬಡ್ಡಿ, ಅಂದರೆ ಬಡ್ಡಿಗೂ ಬಡ್ಡಿ. ನಮ್ಮ ಬದಿಯಡ್ಕ (ಕೇರಳದ ಕಾಸರಗೋಡು ಜಿಲ್ಲೆ) ಕಡೆಯ ಹಳಬರಿಗೆ ಚಕ್ರಬಡ್ಡಿ ಅಂದ್ರೆ ಸಾಲದ ನೆನಪೇ ಬರುವುದು. ಎಫ್‌ಡಿಯಲ್ಲಿ (ನಿಶ್ಚಿತ ಅವಧಿಯ ಠೇವಣಿ) ಅದೇ ಬಡ್ಡಿ ನಮ್ಮ ಪರವಾಗಿ ದುಡಿಯುತ್ತದೆ, ಅಷ್ಟೆ.

ಬ್ಯಾಂಕಿನವರು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾರೆ. ಮೊದಲ ಮೂರು ತಿಂಗಳಿಗೆ 1,750. ಮುಂದಿನ ಮೂರು ತಿಂಗಳಿಗೆ 1,01,750ರ ಮೇಲೆ ಲೆಕ್ಕ, ಅಂದರೆ 1,781. ಜಾಸ್ತಿ ಬಂದದ್ದು ಬರೇ 31 ರೂಪಾಯಿ, ಒಂದು ಚಾಯಕ್ಕೆ ಸಾಕು. ಆದರೆ ಹತ್ತನೇ ವರ್ಷದ ಕೊನೆಯ ಮೂರು ತಿಂಗಳಿಗೆ ಬರುವ ಬಡ್ಡಿ 3,443! ಹತ್ತು ವರ್ಷಕ್ಕೆ ಅಸಲು ಸೇರಿ ಒಟ್ಟು 2,00,160. ಇಪ್ಪತ್ತಕ್ಕೆ 4,00,639. ಮೂವತ್ತು ವರ್ಷ ತೆಗೆಯದೆ ಬಿಟ್ಟರೆ 8 ಲಕ್ಷ ದಾಟುತ್ತದೆ. ಸರಳ ಬಡ್ಡಿಯಲ್ಲಾದರೆ ಆಗಲೂ 3,10,000 ಮಾತ್ರ.

ಬಾಯಿಲೆಕ್ಕ ಬೇಕಾದರೆ 72ನ್ನು ಬಡ್ಡಿ ದರದಿಂದ ಭಾಗಿಸಿ. ಹಣ ಎರಡು ಪಟ್ಟಾಗಲು ಹೆಚ್ಚುಕಡಿಮೆ ಅಷ್ಟು ವರ್ಷ ಬೇಕು.

ಇನ್ನು ನನ್ನ ಕತೆ. ಅಪ್ಪ ಕೊಟ್ಟ ಹಣವನ್ನು ಹೀಗೇ ಇಟ್ಟಿದ್ದೆ. ಫಾರ್ಮ್ ಮಲಯಾಳ, ಇಂಗ್ಲಿಷಿನಲ್ಲಿತ್ತು. ನನ್ನ ಮಲಯಾಳ ಬಸ್ಸಿನಲ್ಲಿ ಮಾತಾಡುವಷ್ಟು, ಓದುವಷ್ಟಿಲ್ಲ. ಟಿಕ್ ಹಾಕಿದಲ್ಲೆಲ್ಲ ಸುಮ್ನೆ ಸಹಿ ಮಾಡಿ ಬಂದೆ. ಮೂರು ತಿಂಗಳಿಗೊಮ್ಮೆ ಬಡ್ಡಿ ಉಳಿತಾಯ ಖಾತೆಗೆ ಬೀಳುತ್ತಿತ್ತು. ಕರೆಂಟ್ ಬಿಲ್ಲು, ರೀಚಾರ್ಜ್, ಮದುವೆಯ ಉಡುಗೊರೆ ಅಂತ ಎಲ್ಲಿ ಹೋಯಿತೋ ಗೊತ್ತಾಗಲೇ ಇಲ್ಲ. ಐದು ವರ್ಷ ಕಳೆದು ನೋಡಿದರೆ ಅಸಲು ಇಟ್ಟಲ್ಲೇ ಇದೆ. ಬಡ್ಡಿಯನ್ನು ತೆಗೆದು ತಿಂದರೆ ಬೆಳೆಯಲು ಉಳಿಯುವುದೇನು?

ಬ್ಯಾಂಕಿನವರ 4 ಲಕ್ಷದಲ್ಲೂ ಸ್ವಲ್ಪ ‘ಆದರೆ’ ಉಂಟು. ಎಫ್‌ಡಿಗೆ ಸಾಮಾನ್ಯವಾಗಿ 10 ವರ್ಷವೇ ಗರಿಷ್ಠ. ಮತ್ತೆ ಇಡುವಾಗ ಆ ದಿನದ ದರ, ಅದು 7 ಇರಬೇಕೆಂದಿಲ್ಲ. ಅವಧಿ ಮುಗಿದದ್ದನ್ನು ಮರೆತರೆ 2021ರ ರಿಸರ್ವ್ ಬ್ಯಾಂಕ್ ನಿಯಮದಂತೆ ಉಳಿತಾಯ ಖಾತೆಯ ದರ ಅಥವಾ ಹಳೇ ದರ, ಇವೆರಡರಲ್ಲಿ ಕಡಿಮೆ ಯಾವುದೋ ಅದು. ನಿಮಗೆ ತೆರಿಗೆ ಬರುವುದಾದರೆ ಅದೂ ಬಡ್ಡಿಯಿಂದಲೇ ಹೋಗಬೇಕು. ಇಪ್ಪತ್ತು ವರ್ಷದ ಮೇಲಿನ 4 ಲಕ್ಷಕ್ಕೆ ಇಂದಿನ 4 ಲಕ್ಷದ ಬೆಲೆಯೂ ಇರುವುದಿಲ್ಲ ಅಲ್ವಾ?

ಹಣ ಇಡುವಾಗ ‘ಬಡ್ಡಿ ಅಸಲಿಗೇ ಸೇರಲಿ’ ಅಂತ ಬಾಯಿಬಿಟ್ಟು ಹೇಳಿ. ರಸೀದಿಯಲ್ಲಿ ಮೆಚ್ಯೂರಿಟಿ ಮೊತ್ತ (ಅವಧಿ ಮುಗಿದಾಗ ಸಿಗುವ ಹಣ) ಅಂತ ಒಂದು ಕಡೆ ಇರುತ್ತದೆ. ಅಲ್ಲಿಯೂ 1 ಲಕ್ಷ ಅಂತಲೇ ಬರೆದಿದ್ದರೆ ಕೌಂಟರ್ ಬಿಟ್ಟು ಕದಲಬೇಡಿ.