ಮಾಸ್ಟರ್ ಯಾರ ಹೆಸರಲ್ಲಿದೆ?

ಮೂವರು ಗೆಳೆಯರು ಸೇರಿ ಸಂಗೀತದ ಲೇಬಲ್, ಅಂದರೆ ಹಾಡು ಮುದ್ರಿಸಿ ಹೊರತರುವ ಕಂಪನಿ, ಶುರು ಮಾಡುತ್ತಿದ್ದೀರಿ. ಒಬ್ಬ ವಿತರಕರು ಆದಾಯದಲ್ಲಿ ಶೇ. 30 ಕೇಳುತ್ತಿದ್ದಾರೆ, ಇನ್ನೊಬ್ಬರು ಶೇ. 20ಕ್ಕೆ ಒಪ್ಪಿದ್ದಾರೆ, ಯಾರ ಜೊತೆ ಹೋಗಲಿ ಅಂತ ಕೇಳಿದ್ದೀರಿ. ನಾವು ಶೇ. 20ರವರ ಜೊತೆ ಹೋದೆವು.

ಆಗ ಸಿ.ಡಿ. ಕಾಲ. ನಾವಿಬ್ಬರೇ. ಗೆಳೆಯ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ. ಕವರ್ ಮುದ್ರಣ, ಅಂಗಡಿಗಳ ಬಾಕಿ ವಸೂಲಿ, ಕಾಗದಪತ್ರ ಎಲ್ಲ ನನ್ನ ತಲೆಗೆ. ನಾಲ್ಕು ವರ್ಷದಲ್ಲಿ ಒಂಬತ್ತು ಆಲ್ಬಂ ತಂದೆವು. ವಿತರಕರ ಒಪ್ಪಂದ ಹನ್ನೊಂದು ಪುಟ ಇತ್ತು. ಶೇಕಡಾವಾರು ಇದ್ದ ಪುಟವನ್ನು ಮೂರು ಸಲ ಓದಿದೆ. ಎಂಟನೇ ಪುಟದಲ್ಲಿ, ವಿತರಣೆಗೆ ಕೊಟ್ಟ ಮಾಸ್ಟರ್‌ಗಳ (ಮೂಲ ಧ್ವನಿಮುದ್ರಣಗಳ) ಸಕಲ ಹಕ್ಕುಗಳನ್ನು ವಿತರಕರಿಗೆ ವರ್ಗಾಯಿಸಲಾಗಿದೆ ಎಂಬ ಒಂದು ಸಾಲಿತ್ತು. ಅದನ್ನೂ ಓದಿದೆ. ಮಾರೋಕೆ ಅನುಮತಿ ಕೊಡ್ತಿದ್ದೀವಲ್ಲ, ಅದನ್ನೇ ವಕೀಲರ ಭಾಷೆಯಲ್ಲಿ ಬರೆದಿದ್ದಾರೆ ಅಂದುಕೊಂಡು ಸಹಿ ಹಾಕಿದೆ.

ಇದನ್ನು ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಒಂದು ಹಾಡಿನೊಳಗೆ ಎರಡು ಆಸ್ತಿ ಇರುತ್ತವೆ. ಸಾಹಿತ್ಯ, ರಾಗಸಂಯೋಜನೆ ಸೇರಿ ಒಂದು. ಅದನ್ನು ಯಾರೋ ಒಂದು ದಿನ ಮೈಕಿನ ಮುಂದೆ ಹಾಡಿದಾಗ ಹುಟ್ಟಿದ ಧ್ವನಿಮುದ್ರಣ ಇನ್ನೊಂದು. ಈ ಎರಡನೆಯದೇ ಮಾಸ್ಟರ್. ಹಾಡು ಬರೆದವರ ಹಕ್ಕು ಅವರಲ್ಲೇ ಉಳಿದಿದ್ದರೂ ಮಾಸ್ಟರ್ ಬೇರೆಯವರ ಪಾಲಾಗಬಹುದು. ಮಾಸ್ಟರನ್ನು ಇನ್ನೊಬ್ಬರ ಕೈಗೆ ಕೊಡುವುದರಲ್ಲೂ ಎರಡು ಬಗೆ. ಪರವಾನಗಿ ಕೊಟ್ಟರೆ ಮನೆ ಬಾಡಿಗೆಗೆ ಕೊಟ್ಟ ಹಾಗೆ, ಅವಧಿ ಮುಗಿದ ದಿನ ಬೀಗದ ಕೈ ವಾಪಸ್. ವರ್ಗಾವಣೆ ಅಂದರೆ ಕ್ರಯಪತ್ರ. ನಾನು ಬಾಡಿಗೆ ಕರಾರು ಅಂದುಕೊಂಡು ಕ್ರಯಪತ್ರಕ್ಕೆ ಸಹಿ ಹಾಕಿದ್ದೆ. ಮೊದಲ ಪುಟದಲ್ಲಿ ‘ಅವಧಿ ಮೂರು ವರ್ಷ’ ಅಂತ ದಪ್ಪಕ್ಷರದಲ್ಲಿತ್ತು, ಅಲ್ಲೇ ಎಡವಿದ್ದು. ಮೂರು ವರ್ಷ ಅವರು ನಮ್ಮ ಸಿ.ಡಿ. ಹಂಚಬೇಕಾದ ಅವಧಿ. ವರ್ಗಾವಣೆ ಮಾತ್ರ ಶಾಶ್ವತವಾಗಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಕಲಾವಿದರಿಂದ ಮಾಸ್ಟರ್‌ಗಳನ್ನು ‘ಲೇಬಲ್‌ನ ಹೆಸರಲ್ಲಿ ಭದ್ರವಾಗಿರಲಿ’ ಎಂದು ಬರೆಸಿಕೊಂಡಿದ್ದವರು ನಾವೇ. ಹಾಗಾಗಿ ಒಂಬತ್ತು ಆಲ್ಬಮ್ಮೂ ನನ್ನ ಒಂದೇ ಸಹಿಗೆ ಹೋದವು.

ವಿತರಕರ ಕಂಪನಿ ಬೇರೆಯವರ ಕೈಗೆ ಹೋದಾಗಲೇ ನನಗಿದು ಗೊತ್ತಾದದ್ದು. ಹೊಸ ಮಾಲೀಕರು ಕಳಿಸಿದ ಆಸ್ತಿ ಪಟ್ಟಿಯಲ್ಲಿ ನಮ್ಮ ಒಂಬತ್ತೂ ಇದ್ದವು.

ಸ್ಟ್ಯಾಕ್ಸ್ ಲೇಬಲ್‌ನ ಕಥೆ ಓದಿದ್ದು ಅದಾದ ಮೇಲೆ, ಮೊದಲೇ ಓದಬೇಕಿತ್ತು. 1957ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಅದನ್ನು ಶುರು ಮಾಡಿದ ಜಿಮ್ ಸ್ಟುವರ್ಟ್ ಬ್ಯಾಂಕ್ ನೌಕರ, ಪಿಟೀಲು ನುಡಿಸುತ್ತಿದ್ದವರು. ಅಕ್ಕ ಎಸ್ಟೆಲ್ ಆಕ್ಸ್‌ಟನ್ ಮನೆ ಅಡವಿಟ್ಟು ರೆಕಾರ್ಡಿಂಗ್ ಯಂತ್ರ ಕೊಡಿಸಿದರು. ಮುಚ್ಚಿಹೋದ ಸಿನಿಮಾ ಮಂದಿರವೇ ಸ್ಟುಡಿಯೋ ಆಯಿತು. ಪಕ್ಕದಲ್ಲೇ ಆಕೆಯ ರೆಕಾರ್ಡ್ ಅಂಗಡಿ. ದೊಡ್ಡ ಕಂಪನಿ ಅಟ್ಲಾಂಟಿಕ್ ಜೊತೆ ವಿತರಣೆ ವರ್ಷಗಟ್ಟಲೆ ಬಾಯಿಮಾತಿನ ಮೇಲೆಯೇ ನಡೆಯಿತು. 1965ರಲ್ಲಿ ಅದು ಕಾಗದಕ್ಕೆ ಬಂತು, ಸ್ಟುವರ್ಟ್ ಸರಿಯಾಗಿ ಓದದೇ ಸಹಿ ಹಾಕಿದರು. 1967ರಲ್ಲಿ ಅಟ್ಲಾಂಟಿಕ್ ಮಾರಾಟವಾಯಿತು. ಅದೇ ಡಿಸೆಂಬರ್‌ನಲ್ಲಿ ಸ್ಟ್ಯಾಕ್ಸ್‌ನ ದೊಡ್ಡ ಗಾಯಕ ಓಟಿಸ್ ರೆಡಿಂಗ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1968ರಲ್ಲಿ ಒಪ್ಪಂದ ತೆಗೆದು ನೋಡಿದರೆ, ಅಟ್ಲಾಂಟಿಕ್ ಹಂಚಿದ ಅಷ್ಟೂ ಮಾಸ್ಟರ್‌ಗಳು ಅಟ್ಲಾಂಟಿಕ್‌ನವೇ ಆಗಿದ್ದವು. ರೆಡಿಂಗ್ ಅವರ ದನಿಯೂ ಅವುಗಳಲ್ಲಿತ್ತು. 1969ರಲ್ಲಿ ಸ್ಟ್ಯಾಕ್ಸ್‌ನ ಮುಖ್ಯಸ್ಥರಲ್ಲೊಬ್ಬರಾದ ಅಲ್ ಬೆಲ್ ಒಟ್ಟಿಗೆ 27 ಆಲ್ಬಂ ಹೊರತಂದು ಖಾಲಿ ಕಪಾಟನ್ನು ಮತ್ತೆ ತುಂಬಿಸಿದರಲ್ಲ, ಆ ಛಲವನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾವು ಒಂದೂ ತರಲಾಗಲಿಲ್ಲ, ಬಾಗಿಲು ಹಾಕಿದೆವು.

ಆದ್ದರಿಂದ ಶೇ. 30 ಮೇಲೋ ಶೇ. 20 ಮೇಲೋ ಎಂಬ ನಿಮ್ಮ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಮಾಸ್ಟರ್ ಕೇಳದೆ ಶೇ. 40 ಕೇಳುವವರೂ ನನ್ನ ಪ್ರಕಾರ ಅಗ್ಗವೇ. ಇನ್ನೊಂದು ಮಾತು, ನಿಮಗೆ ಹಿಡಿಸಲಿಕ್ಕಿಲ್ಲ: ಮಾಸ್ಟರ್ ನಿಮಗೂ ಬೇಡ. ಕಲಾವಿದರ ಹೆಸರಲ್ಲೇ ಇರಲಿ, ನೀವು ಐದೋ ಏಳೋ ವರ್ಷಕ್ಕೆ ಪರವಾನಗಿ ತೆಗೆದುಕೊಳ್ಳಿ. ಮ್ಯಾಂಚೆಸ್ಟರಿನ ಫ್ಯಾಕ್ಟರಿ ಲೇಬಲ್ 1978ರಿಂದ ಹೀಗೇ ನಡೆಯಿತು, ಸಂಗೀತ ಸಂಗೀತಗಾರರದ್ದು ಅಂತ. 1992ರಲ್ಲಿ ಅದು ದಿವಾಳಿಯಾಗುವಾಗ ಕೊಳ್ಳಲು ಬಂದ ಕಂಪನಿಗೆ, ನ್ಯೂ ಆರ್ಡರ್ ತಂಡದ ಧ್ವನಿಮುದ್ರಣಗಳು ಲೇಬಲ್‌ನ ಆಸ್ತಿಯೇ ಅಲ್ಲ ಎಂದು ಗೊತ್ತಾಯಿತು. ವ್ಯಾಪಾರ ತಿಳಿಯದವರು ಅಂತ ಅವರನ್ನು ಆಡಿಕೊಳ್ಳುವವರಿದ್ದಾರೆ. ಲೇಬಲ್ ಮುಳುಗಿತು, ಆದರೆ ಹಾಡಿದವರ ಹಾಡನ್ನು ಜೊತೆಗೆ ಮುಳುಗಿಸಲಿಲ್ಲ. ನನಗೆ ಅವರ ಮೇಲೆ ಗೌರವವಿದೆ.

ಕರಡು ಈಗಾಗಲೇ ಕೈ ಸೇರಿದೆ ಅಂದಿದ್ದೀರಿ. ‘ವರ್ಗಾವಣೆ’ ಎಂಬ ಪದ ಎಲ್ಲೆಲ್ಲಿದೆ ಹುಡುಕಿ. ಅದನ್ನು ‘ಪರವಾನಗಿ’ ಎಂದು ಬದಲಿಸಿ, ಮುಗಿಯುವ ದಿನಾಂಕ ಬರೆಸಿ. ಕಂಪನಿ ಮಾರಾಟವಾದರೆ ಪರವಾನಗಿ ಅಲ್ಲಿಗೇ ರದ್ದು ಅಂತಲೂ ಸೇರಿಸಿ. ಒಪ್ಪದಿದ್ದರೆ ಎದ್ದು ಬನ್ನಿ.

ನಮ್ಮ ಮೊದಲ ಆಲ್ಬಂ ಹಾಡಿದವರು ಹೋದ ವರ್ಷ ಫೋನ್ ಮಾಡಿದ್ದರು. ತಮ್ಮದೇ ಹಾಡನ್ನು ತಮ್ಮದೇ ಪುಟಕ್ಕೆ ಹಾಕಿದ್ದಕ್ಕೆ ಹಕ್ಕುಸ್ವಾಮ್ಯದ ತಕರಾರು ಬಂದು ಅದನ್ನು ತೆಗೆದುಹಾಕಿದ್ದರಂತೆ. ಸಾಹಿತ್ಯ, ರಾಗ ಎರಡೂ ಅವರವೇ, ಹಾಗಾಗಿ ಮತ್ತೊಮ್ಮೆ ಹಾಡಿ ಹೊಸ ಮಾಸ್ಟರ್ ಮಾಡಿಕೊಳ್ಳಬಹುದು ಅಂದೆ. ‘ಆಗಿನ ದನಿ ಈಗೆಲ್ಲಿದೆ?’ ಅಂದರು.