ಹೊಗೆ ಕಪ್ಪಾದ ಮಾತ್ರಕ್ಕೆ ಎಂಜಿನ್ ಬಿಚ್ಚಬೇಕೇ?

ಪ್ರಶ್ನೆ: ನನ್ನದು ಸುಮಾರು 20 ವರ್ಷ ಹಳೆಯ, ಟರ್ಬೊ ಮತ್ತು ಮೆಕ್ಯಾನಿಕಲ್ ಪಂಪ್ ಇರುವ ಡೀಸೆಲ್ ವಾಹನ. ನಿಂತಲ್ಲೇ ಸ್ಲೋ ಓಡುವಾಗ ಹೊಗೆ ಕಾಣುವುದಿಲ್ಲ. ಏರು ಹತ್ತುವಾಗ ಮಾತ್ರ ದಟ್ಟವಾದ ಕಪ್ಪು ಹೊಗೆ ಬರುತ್ತದೆ. ಪಿಕಪ್ ಕೂಡ ತಗ್ಗಿದೆ. ರಿಂಗ್ ಹೋಗಿದೆ, ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು (ಸಿಲಿಂಡರ್ ಕೊರೆಸಬೇಕು) ಎಂದು ಮೆಕ್ಯಾನಿಕ್ ಹೇಳುತ್ತಾರೆ. ಒಪ್ಪಬಹುದೇ?

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಸವೆದು ಆಯಿಲ್ ಉರಿಯತೊಡಗಿದರೆ ಹೊಗೆಗೆ ನೀಲಿ ಛಾಯೆ ಇರುತ್ತದೆ. ಕಪ್ಪು ಹೊಗೆಯೆಂದರೆ ಪೂರ್ತಿ ಉರಿಯದ ಡೀಸೆಲ್‌ನ ಮಸಿ. ಒಂದು ಕಿಲೋ ಡೀಸೆಲ್ ಪೂರ್ಣವಾಗಿ ಉರಿಯಲು ಲೆಕ್ಕದ ಪ್ರಕಾರವೇ ಸುಮಾರು 14.5 ಕಿಲೋ ಗಾಳಿ ಬೇಕು; ಸಿಲಿಂಡರಿನೊಳಗೆ ಎರಡೂ ಸಮನಾಗಿ ಬೆರೆಯದ ಕಾರಣ ವಾಸ್ತವದಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಡೀಸೆಲ್ ಹೆಚ್ಚಾಯಿತೋ ಗಾಳಿ ಕಡಿಮೆಯಾಯಿತೋ ಎಂಬುದು.

ಇದಕ್ಕೆ ಉತ್ತರದ ಸುಳಿವು ನಿಮ್ಮ ಪತ್ರದಲ್ಲಿಯೇ ಇದೆ. ಯಾರೋ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿದ್ದರೆ (ಪಿಕಪ್ಪಿನ ಆಸೆಗೆ ಹೀಗೆ ಮಾಡುವವರು ಕಡಿಮೆಯೇನಿಲ್ಲ) ಹೊಗೆಯ ಜೊತೆಗೆ ಎಳೆತವೂ ಸಾಮಾನ್ಯವಾಗಿ ಹೆಚ್ಚುತ್ತದೆ. ಹೊಗೆ ಹೆಚ್ಚಿ ಎಳೆತ ತಗ್ಗಿದರೆ ನಾನು ಮೊದಲು ಅನುಮಾನಿಸುವುದು ಗಾಳಿಯನ್ನು.

ಏರ್ ಫಿಲ್ಟರ್ ಹೊರತೆಗೆದು ಒಳಗಿನಿಂದ ಟಾರ್ಚ್ ಹಿಡಿದು ನೋಡಿ. ಬೆಳಕು ಅಲ್ಲಲ್ಲಿ ಮಾತ್ರ ಕಂಡರೆ ಬದಲಿಸಿ. ಫಿಲ್ಟರ್ ಇಲ್ಲದೆ ಎಂಜಿನ್ ಓಡಿಸಿ ಪರೀಕ್ಷಿಸುವುದು ಬೇಡ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಚಕ್ರ ಹಾಳಾಗಲು ಸಣ್ಣ ಕಲ್ಲು ತಗುಲಿದರೂ ಸಾಕು. ಅನಂತರ ಟರ್ಬೊದಿಂದ ಗಾಳಿ ಎಂಜಿನ್ ಸೇರುವ ಇನ್‌ಟೇಕ್‌ವರೆಗಿನ ರಬ್ಬರ್ ಹೋಸ್‌ಗಳನ್ನು, ವಿಶೇಷವಾಗಿ ಕಣ್ಣಿಗೆ ಬೀಳದ ಅವುಗಳ ಕೆಳಭಾಗವನ್ನು, ಬೆರಳಿನಿಂದ ತಡವಿ ನೋಡಿ. ಕ್ಲಾಂಪ್ ಬಳಿ ಜಿಡ್ಡಿನ ಕಪ್ಪು ಕಲೆಯಿದ್ದರೆ ಗಾಳಿ ಅಲ್ಲಿಯೇ ಸೋರುತ್ತಿರಬಹುದು. ನಿಂತಾಗ ಮುಚ್ಚಿಕೊಂಡಿರುವ ಬಿರುಕು ಲೋಡ್ ಬಿದ್ದು ಒತ್ತಡ ಏರಿದಾಗಲೇ ಬಾಯಿ ಬಿಡುವುದರಿಂದ, ಸ್ಲೋನಲ್ಲಿ ಹೊಗೆಯಿಲ್ಲದೆ ಏರಿನಲ್ಲಿ ಮಾತ್ರ ಬರುವುದು ಇಂತಹ ಸೋರಿಕೆಗೆ ಚೆನ್ನಾಗಿ ಹೊಂದುತ್ತದೆ.

ಇವೆಲ್ಲ ಸರಿಯಿದ್ದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳ ಸರದಿ. ತೊಟ್ಟಿಕ್ಕುವ ನಾಝಲ್ ಸಾಮಾನ್ಯವಾಗಿ ಸ್ಲೋನಲ್ಲೂ ಬಡಿತ, ಹೊಗೆ ತೋರಿಸುತ್ತದೆ, ನಿಮ್ಮಲ್ಲಿ ಅದಿಲ್ಲ. ಆದರೂ ನಾಝಲ್‌ಗಳನ್ನು ಬಿಚ್ಚಿಸಿ, ತೆರೆಯುವ ಒತ್ತಡವನ್ನೂ ಸಿಂಪಡಣೆಯನ್ನೂ ಪರೀಕ್ಷೆಯ ಯಂತ್ರದ ಮೇಲೆ ನೋಡಿಸುವುದು ಎಂಜಿನ್ ಬಿಚ್ಚುವುದಕ್ಕಿಂತ ಅಗ್ಗ. ಎಂಜಿನ್ ಓಡುವಾಗ ಪೈಪಿನ ನಟ್ ಸಡಿಲಿಸಿ ದೋಷವಿರುವ ಸಿಲಿಂಡರ್ ಹುಡುಕುವ ಹಳೆಯ ಪದ್ಧತಿ ಗೊತ್ತಿದ್ದವರು ಅದನ್ನು ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಅತಿ ಒತ್ತಡದ ಡೀಸೆಲ್ ಹೋಗುವ) ಎಂಜಿನ್ನಿನಲ್ಲಿ ಎಂದೂ ಪ್ರಯೋಗಿಸಬಾರದು. ಅಲ್ಲಿ 1,000 ಬಾರ್ ಮೀರುವ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ.

ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಅದುಮಿದಾಗ ಏರುವ ಒತ್ತಡ) ಕುಸಿದರೂ ಕಪ್ಪು ಹೊಗೆ ಬರಬಹುದು ಎಂಬ ಮಟ್ಟಿಗೆ ಮೆಕ್ಯಾನಿಕ್ ಮಾತನ್ನು ತಳ್ಳಿಹಾಕಲಾಗದು. ಆದರೆ ಹಾಗಿದ್ದರೆ ಬೆಳಗಿನ ಸ್ಟಾರ್ಟಿಂಗ್ ಕಷ್ಟವಾಗುತ್ತದೆ. ರಿಂಗೇ ಕಾರಣವಾದರೆ ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಅಲ್ಲಿಂದ ಹೊಗೆ ನುಗ್ಗುತ್ತದೆ. ಇವು ಕಂಡರೆ ಮಾತ್ರ ಗೇಜ್ ಹಾಕಿಸಿ ಒಂದೊಂದು ಸಿಲಿಂಡರಿನ ಕಂಪ್ರೆಷನ್ ಅಳೆಸಿ, ಆ ಅಂಕಿಗಳನ್ನು ಬರೆಸಿಕೊಂಡ ಮೇಲೆ ಬೋರ್ ಮಾಡಿಸುವ ಮಾತು ಆಡಿ.