ಘಾನಾದಲ್ಲಿ ಗೇರು ತೋಟ ಮಾಡುವ ಮೊದಲು

ಘಾನಾದ ಜಮಾನ್ ನಾರ್ತ್ ಜಿಲ್ಲೆಯಲ್ಲಿ ಜಮೀನು ಕೊಂಡು ಗೇರು ಬೆಳೆಯಬಹುದಾ ಅಂತ ಕೇಳಿದ್ದೀರಿ. ಕೊಳ್ಳಲು ಆಗುವುದಿಲ್ಲ. ಅಲ್ಲಿನ ಸಂವಿಧಾನದ ಪ್ರಕಾರ ವಿದೇಶಿಯರಿಗೆ ಸಿಗುವುದು ಹೆಚ್ಚೆಂದರೆ 50 ವರ್ಷದ ಗುತ್ತಿಗೆ. ಅದಕ್ಕೂ ಸ್ಥಳೀಯ ಮುಖ್ಯಸ್ಥರನ್ನು ಒಪ್ಪಿಸಬೇಕು, ಜಮೀನು ಜಾಸ್ತಿ ಅವರ ಸುಪರ್ದಿಯಲ್ಲೇ ಇದೆ.

ಜಾಗವೇನೋ ಗೇರಿಗೆ ಹೇಳಿಮಾಡಿಸಿದ್ದು. ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಸೀಮೆ, ಪಕ್ಕದಲ್ಲೇ ಐವರಿ ಕೋಸ್ಟ್ ಗಡಿ. ಜಿಲ್ಲಾ ಕೇಂದ್ರ ಸಾಂಪಾದಲ್ಲಿ ಸುಗ್ಗಿ ಬಂತೆಂದರೆ ಗೋಣಿಚೀಲಗಳದ್ದೇ ಭರಾಟೆ. ಕಚ್ಚಾ ಬೀಜ ಹೆಚ್ಚಾಗಿ ವಿಯೆಟ್ನಾಂ, ಭಾರತಕ್ಕೆ ಹೋಗುತ್ತದೆ. ನಮ್ಮ ಮಂಗಳೂರಿನ ಕಾರ್ಖಾನೆಗಳೂ ಪಶ್ಚಿಮ ಆಫ್ರಿಕಾದ ಬೀಜವನ್ನೇ ನಂಬಿಕೊಂಡಿವೆ, ಅಲ್ವಾ?

ತೊಡಕು ಇರುವುದು ಸಾಗಣೆಯಲ್ಲಿ. ತೆಮಾ ಬಂದರು 400 ಕಿ.ಮೀ.ಗಿಂತ ದೂರ, ಲಾರಿ ಬಾಡಿಗೆಯೇ ಲಾಭ ತಿನ್ನುತ್ತದೆ. ನನ್ನ ಕೇಳಿದರೆ, ತೋಟ ಸುಮ್ನೆ ಬೇಡ. ಬೀಜ ಒಣಗಿಸುವ ಅಂಗಳಕ್ಕೆ, ಗೋದಾಮಿಗೆ ದುಡ್ಡು ಹಾಕಿ. ಸ್ಥಳೀಯ ಪಾಲುದಾರರು ಮಾತ್ರ ಬೇಕೇ ಬೇಕು.